ಕರಿ ಟಗರಿನ ಹುಳಿ ಪಿಂಟು

ಸ್ಕಾರ್‌ಬೆಕ್, ಯಾರ್ಕ್‌ಶೈರ್
9 ನವೆಂಬರ್ 1987

ಈ ಲಕೋಟೆ ಒಡೆದವರು ಯಾರೇ ಆಗಿರಿ, ಕೈಯಲ್ಲಿರುವ ಬಿಸ್ಕತ್ತು ಕೆಳಗಿಟ್ಟು ನೆಟ್ಟಗೆ ಕೂತುಕೊಳ್ಳಿ. ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ನಾಲಿಗೆ ಇಲ್ಲವೇ? ಅಥವಾ ಅದನ್ನು ಅಂಚೆಚೀಟಿ ನೆಕ್ಕುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೀರಾ?

‘ಉತ್ತರ ನಾಡಿನ ಒಳ್ಳೆಯ ಪಬ್‌ಗಳು’ ಎಂಬ ನಿಮ್ಮ ಈ ವರ್ಷದ ಕೈಪಿಡಿ ನಮ್ಮೂರಿಗೂ ಬಂತು. ಇಲ್ಲಿರುವುದು ಒಂದೇ ಪಬ್ಬು, ‘ಕರಿ ಟಗರು’. ಅದರ ಬಗ್ಗೆ ನೀವು ಅಚ್ಚು ಹಾಕಿಸಿದ್ದು ಇದು: “ಐದು ಬಗೆಯ ಬಿಯರ್. ಎಲ್ಲವೂ ಅತ್ಯುತ್ತಮ ಸ್ಥಿತಿಯಲ್ಲಿ. ಹೊಸ ಯಜಮಾನಿ ಹಳೆಯ ಪಬ್ಬಿಗೆ ಹೊಸ ಜೀವ ತುಂಬಿದ್ದಾರೆ.” ಕೆಳಗೆ ಅ. ಪೆ. ಎಂದು ಎರಡಕ್ಷರ.

ಈ ಅ. ಪೆ. ಬಂದ ದಿನ ನಾನು ಅಲ್ಲೇ ಬೆಂಕಿಯ ಪಕ್ಕ ಕೂತಿದ್ದೆ. ಆಗಸ್ಟ್ ಕೊನೆ, ಕುರಿ ಸಂತೆಯ ಮಾರನೆಯ ದಿನ. ಕಂದು ಮಳೆಕೋಟು, ಇಲಿಬಾಲದಂಥ ಮೀಸೆ. ಯಾರಿಗೂ ಗುರುತು ಸಿಗಬಾರದೆಂದು ಟೊಪ್ಪಿಗೆಯನ್ನು ಹುಬ್ಬಿನ ತನಕ ಎಳೆದುಕೊಂಡಿದ್ದರು. ನಮ್ಮ ನಾಯಿಗೂ ಗುರುತು ಸಿಕ್ಕಿತು. ದೊಡ್ಡ ಗ್ಲಾಸು ತುಂಬ ಒಂದು ಪಿಂಟು ಕೆಂಚು ಬಿಯರ್ ತೆಗೆದುಕೊಂಡರು, ತಳ ಕಾಣುವ ತನಕ ಕುಡಿದರು, ಗ್ಲಾಸನ್ನು ಬಿಯರ್ ಬಡಿಸುವ ಕಟ್ಟೆಯ ಮೇಲಿಟ್ಟು “ತುಂಬಾ ಚೆನ್ನಾಗಿತ್ತಮ್ಮಾ” ಎಂದರು.

ಸ್ವಾಮೀ, ಅದು ವಿನಿಗರ್. ಅದರಲ್ಲಿ ಈರುಳ್ಳಿ ನೆನೆಹಾಕಿ ಜಾಡಿಗೆ ತುಂಬಿದ್ದರೆ ಕ್ರಿಸ್‌ಮಸ್‌ಗೆ ಉಪ್ಪಿನಕಾಯಿ ಸಿದ್ಧವಾಗುತ್ತಿತ್ತು.

ಒಳ್ಳೆಯ ಪಬ್ಬು ಹುಡುಕಿ, ಅದನ್ನು ತೂಗಿ ನೋಡಿ, ಜನಕ್ಕೆ ಹೇಳುವುದು ನಿಮ್ಮ ಕೆಲಸ. ಸುಳ್ಳು ಹೊಗಳುವುದಕ್ಕೆ ಊರಿನಲ್ಲಿ ನಾವೇ ಬೇಕಾದಷ್ಟು ಜನ ಇದ್ದೇವೆ, ಅದಕ್ಕಾಗಿ ಲಂಡನ್ನಿನಿಂದ ರೈಲು ಹತ್ತಿ ಯಾರೂ ಬರಬೇಕಾಗಿಲ್ಲ. ಬೇಗ ಒಂದು ತಿದ್ದುಪಡಿ ಅಚ್ಚು ಹಾಕಿಸಿ.

ನನಗೆ ಇದರಲ್ಲಿ ಯಾವ ಸಂಬಂಧವೂ ಇಲ್ಲ. ಬೆಂಕಿಯ ಪಕ್ಕ ಕೂರುವ ಒಬ್ಬ ಮುದುಕಿ, ಅಷ್ಟೇ.

ಹೆಟ್ಟಿ ಆಲ್ಡರ್ಸನ್

*

ಲಂಡನ್
20 ನವೆಂಬರ್ 1987

ಮಾನ್ಯ ಶ್ರೀಮತಿ ಆಲ್ಡರ್ಸನ್ ಅವರಿಗೆ,

ತಮ್ಮ ಪತ್ರ ತಲುಪಿತು. ಅ. ಪೆ. ಎಂದರೆ ನಾನೇ, ಆಂಬ್ರೋಸ್ ಪೆಟಿಫರ್, ಈ ಕೈಪಿಡಿಯ ಸಂಪಾದಕ. ಮೀಸೆಯ ಕುರಿತು ತಮ್ಮ ಅಭಿಪ್ರಾಯವನ್ನು ಗಮನಿಸಿದ್ದೇನೆ.

ಪಬ್‌ಗಳನ್ನು ಅಳೆಯುವ ಕೆಲಸದಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಕರಿ ಟಗರಿನ ಬಗ್ಗೆ ಬರೆದದ್ದನ್ನು ಬದಲಿಸಲು ನನಗೆ ಕಾರಣ ಕಾಣುತ್ತಿಲ್ಲ. ಅಂದು ಕೋಣೆಯಲ್ಲಿದ್ದವರೆಲ್ಲರೂ ಅದೇ ಬಿಯರ್ ಕುಡಿದು ತಲೆದೂಗುತ್ತಿದ್ದರು. ಒಬ್ಬರೂ ಗ್ಲಾಸು ಹಿಂದಿರುಗಿಸಲಿಲ್ಲ. ಬೆಂಕಿಯ ಪಕ್ಕ ಕೂತಿದ್ದ ಹಿರಿಯ ಮಹಿಳೆಯೊಬ್ಬರು ಯಜಮಾನಿಗೆ “ಚೆನ್ನಾಗೈತೆ ಕಣೇ” ಎಂದದ್ದನ್ನು ನಾನು ಕಿವಿಯಾರೆ ಕೇಳಿದೆ. ಅದು ತಾವೇ ಇರಬೇಕು.

ವಂದನೆಗಳೊಂದಿಗೆ,
ಆಂಬ್ರೋಸ್ ಪೆಟಿಫರ್

*

ಸ್ಕಾರ್‌ಬೆಕ್
24 ನವೆಂಬರ್ 1987

ಪೆಟಿಫರ್ ಅವರೇ,

ನಿಮ್ಮ ಟೈಪಿನ ಕಾಗದ ಬಂತು. ಮೆಷಿನ್ನಿನಿಂದ ಬೈಸಿಕೊಂಡದ್ದು ನನಗೆ ಇದೇ ಮೊದಲು.

ಕೊನೆಯ ಸಾಲು ತಾಗಬೇಕಾದ ಕಡೆ ತಾಗಿತು. ಹೌದು, ನಾನೂ ಹಾಗೆಂದೆ. ನಮ್ಮ ಪಾದ್ರಿಗೆ ಮುಖದ ಮೇಲೇ “ಇವತ್ತು ಉಪದೇಶ ಉದ್ದ ಆಯ್ತು, ದೇವರೂ ಆಕಳಿಸಿದ” ಎಂದವಳು ನಾನು. ಆದರೆ ನೀವು ಬರೆದ ಹೊಸ ಯಜಮಾನಿ, ಆ ಹುಡುಗಿ ವೆಂಡಿ, ಗ್ಲಾಸನ್ನು ಮುಂದಿಟ್ಟು, ಕೈ ಒರೆಸಿಕೊಳ್ಳುತ್ತಾ ನನ್ನ ಮುಖವನ್ನೇ ನೋಡುತ್ತಾ ನಿಂತಾಗ ನಾಲಿಗೆ ಹೊರಳಲಿಲ್ಲ.

ನಮ್ಮ ಕಣಿವೆಯ ಜನ ನಿಮಗೆ ಗೊತ್ತಿಲ್ಲ. ಟಗರಿನ ಬೆಲೆಗೆ ಕೂಗಾಡುತ್ತಾರೆ, ಗೋಡೆಯಿಂದ ಬಿದ್ದ ಒಂದು ಕಲ್ಲಿಗಾಗಿ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಆದರೆ ಒಬ್ಬರು ಕೈಯಾರೆ ಪಂಪು ಎಳೆದು ತುಂಬಿಸಿ ಕೊಟ್ಟ ಪಿಂಟನ್ನು ಕೆಟ್ಟಿದೆ ಎಂದು ಹೇಳುವ ಗಂಡಸು ಇಲ್ಲಿ ಹುಟ್ಟಿಲ್ಲ. ಕುಡಿಯುತ್ತಾರೆ, “ಭೇಷ್” ಎನ್ನುತ್ತಾರೆ, ಆಮೇಲೆ ಬರುವುದನ್ನು ನಿಲ್ಲಿಸುತ್ತಾರೆ. ಸೆತ್ ರಾ ಎಂಬ ಕುರಿ ಸಾಕುವ ಮುದುಕ ಈಗ ವಾರಕ್ಕೊಮ್ಮೆ ಬಂದರೆ ಹೆಚ್ಚು. ಕೇಳಿದರೆ ಮಂಡಿನೋವು ಎನ್ನುತ್ತಾನೆ. ಆ ಮಂಡಿ ಬೆಟ್ಟ ಹತ್ತುತ್ತದೆ, ಪಬ್ಬಿನ ಮೆಟ್ಟಿಲು ಮಾತ್ರ ಹತ್ತುವುದಿಲ್ಲ. ಅಂಚೆಯ ಕ್ಲಿಫರ್ಡ್ ಡಾಕ್ಟರು ಬೇಡ ಎಂದಿದ್ದಾರೆ ಎನ್ನುತ್ತಾನೆ. ಡಾಕ್ಟರನ್ನೇ ಕೇಳಿದೆ, ಅವರು ಹಾಗೆ ಹೇಳಿಲ್ಲ.

ವೆಂಡಿ ಬಿಯರ್ ಮುಟ್ಟುವವಳಲ್ಲ, ಅವಳ ಹೊಟ್ಟೆಗೆ ಆಗದು. ಜನರ ಮುಖ ನೋಡಿಯೇ ತಿಳಿದುಕೊಳ್ಳುತ್ತಾಳೆ. ಮುಖಗಳೆಲ್ಲ ಚೆನ್ನಾಗಿದೆ ಎನ್ನುತ್ತವೆ, ಕುರ್ಚಿಗಳು ಮಾತ್ರ ಖಾಲಿಯಾಗುತ್ತಿವೆ. ಹಾಗಾಗಿ ಅವಳೊಂದು ಅರ್ಥ ಮಾಡಿಕೊಂಡಿದ್ದಾಳೆ: ಬಿಯರ್ ಸರಿಯಾಗಿದೆ, ಊರಿಗೆ ಬೇಡವಾದವಳು ತಾನು. ಹಳೆಯ ಯಜಮಾನ ವಿಲ್ಫ್ ಸತ್ತ ಮೇಲೆ ಆ ಕಟ್ಟೆಯ ಹಿಂದೆ ಹೆಣ್ಣೊಬ್ಬಳು ನಿಂತದ್ದು ಯಾರಿಗೂ ಹಿಡಿಸಿಲ್ಲ ಎಂದುಕೊಂಡಿದ್ದಾಳೆ. ಮಾರ್ಚ್ ಇಪ್ಪತ್ತೈದು ಗುತ್ತಿಗೆಯ ಗಡುವು. ಅಂದು ಬೀಗದಕೈಯನ್ನು ಪಬ್ಬಿನ ಒಡೆಯರಾದ, ಬಿಯರ್ ತಯಾರಿಸುವ ಬ್ರೂವರಿಯವರಿಗೆ ಕೊಟ್ಟು ಹೊರಡುತ್ತಾಳಂತೆ. ಬ್ರೂವರಿಯವರು ಅದನ್ನು ಲೀಡ್ಸ್ ಪಟ್ಟಣದವರಿಗೆ ಭಾನುವಾರದ ಮನೆಯೆಂದು ಮಾರುತ್ತಾರೆ. ಆಮೇಲೆ ಸ್ಕಾರ್‌ಬೆಕ್ಕಿನಲ್ಲಿ ನಾಲ್ಕು ಜನ ಕೂರುವ ಜಾಗವೆಂದರೆ ಸ್ಮಶಾನ ಒಂದೇ.

ಇನ್ನೂ ಒಂದು ಕೇಳಿ. ಇದು ಶುರುವಾದದ್ದು ನಿಮ್ಮಿಂದ. ವಿಲ್ಫ್ ಇಟ್ಟಿದ್ದದ್ದು ಎರಡು ಬಿಯರ್, ಒಂದು ಕಪ್ಪು, ಒಂದು ಕೆಂಚು. ಅವನಿದ್ದಾಗ ನಿಮ್ಮ ಕೈಪಿಡಿ ಬರೆದಿತ್ತು: “ಎರಡೇ ಬಗೆಯ ಬಿಯರ್, ಅಷ್ಟಕ್ಕೇ ತೃಪ್ತಿಪಡಬೇಕು.” ವೆಂಡಿ ಅದನ್ನು ಓದಿದ್ದಳು. ಪಬ್ಬು ಕೈಗೆ ಬಂದದ್ದೇ ಐದು ಬಗೆಯ ಬಿಯರಿಗೆ ಐದು ಕೈಪಂಪು ಹಾಕಿಸಿದಳು. ಪೀಪಾಯಿ ತೆರೆದ ಮೇಲೆ ಬಿಯರ್ ಎಂದರೆ ಹಾಲಿದ್ದ ಹಾಗೆ. ಎರಡು ಮೂರು ದಿನದಲ್ಲಿ ಕುಡಿದು ಮುಗಿಸಬೇಕು. ಐದು ಪೀಪಾಯಿ ಮುಗಿಸಲು ನಮ್ಮೂರಿನ ಜನ ಸಾಲದು, ಅವರ ಕುರಿಗಳನ್ನೂ ಕರೆತರಬೇಕಾದೀತು. ಬಿಯರ್ ನಿಂತಲ್ಲೇ ಹುಳಿಯಾಗುತ್ತದೆ, ಹುಳಿಯಾದದ್ದಕ್ಕೆ ಜನ ಬರುವುದಿಲ್ಲ, ಬಾರದ್ದಕ್ಕೆ ಅದು ಇನ್ನಷ್ಟು ನಿಲ್ಲುತ್ತದೆ.

ಮುಖ ನೋಡಿ ತೂಗಬೇಡಿ, ಪೆಟಿಫರ್ ಅವರೇ. ಹೊಸಬರು ಬಾಗಿಲು ತೆಗೆದರೆ ಯಾವ ಪಬ್ಬಿನಲ್ಲಾದರೂ ಮಾತು ನಿಲ್ಲುತ್ತದೆ. ಎಷ್ಟು ಬೇಗ ಮತ್ತೆ ಶುರುವಾಯಿತು ಎಂದು ನೋಡಿ. ಖಾಲಿ ಗ್ಲಾಸಿನ ಒಳಮೈಗೆ ನೊರೆ ಉಂಗುರ ಉಂಗುರವಾಗಿ ಅಂಟಿದೆಯೇ ನೋಡಿ. ಎಲ್ಲಕ್ಕಿಂತ ಮುಖ್ಯ, ಎರಡನೆಯ ಪಿಂಟು ಯಾರು ಕೇಳಿದರು ಎಂದು ನೋಡಿ. ಮೊದಲನೆಯದನ್ನು ಮರ್ಯಾದೆಗೆ ಕುಡಿಯುತ್ತಾರೆ. ಎರಡನೆಯದನ್ನು ಯಾರೂ ಮರ್ಯಾದೆಗೆ ಕುಡಿಯುವುದಿಲ್ಲ.

ಹೊರಗಿನವರು ಒಬ್ಬರು ನಿಜ ಹೇಳಿದರೆ ಅವಳು ಕೇಳುತ್ತಾಳೆ. ಆ ಒಬ್ಬರು ನೀವಾಗಬೇಕಿತ್ತು.

ಹೆಟ್ಟಿ ಆಲ್ಡರ್ಸನ್

*

ಲಂಡನ್
11 ಡಿಸೆಂಬರ್ 1987

ಮಾನ್ಯ ಶ್ರೀಮತಿ ಆಲ್ಡರ್ಸನ್ ಅವರಿಗೆ,

ಸಂಬಂಧವಿಲ್ಲದ ಗಿರಾಕಿಯೊಬ್ಬರಿಗೆ ಪಬ್ಬಿನ ಪೀಪಾಯಿ, ಗುತ್ತಿಗೆ, ಯಜಮಾನಿಯ ಹೊಟ್ಟೆ ಇವೆಲ್ಲದರ ಬಗ್ಗೆ ಇಷ್ಟು ತಿಳಿದಿರುವುದು ಅಚ್ಚರಿ ತಂದಿತು. ನಮ್ಮ ಕಡತ ತೆಗೆಸಿ ನೋಡಿದೆ. ತಮ್ಮ ಊರಿನಿಂದ ಎರಡು ಮೈಲಿ ಕೆಳಗೆ ‘ಬಿಳಿ ಹಂಸ’ ಎಂಬ ಪಬ್ಬಿದೆ. ಅದರ ಯಜಮಾನಿಯೂ ಶ್ರೀಮತಿ ಆಲ್ಡರ್ಸನ್.

ಪಕ್ಕದ ಪಬ್ಬನ್ನು ಕೈಪಿಡಿಯಿಂದ ತೆಗೆಸಲು ಇಂಥ ಪತ್ರಗಳು ನಮಗೆ ಪ್ರತಿ ವರ್ಷ ಬರುತ್ತವೆ. ಇಷ್ಟು ಚೆನ್ನಾಗಿ ಬರೆದದ್ದು ಬಂದಿರಲಿಲ್ಲ ಎಂದು ಒಪ್ಪುತ್ತೇನೆ. ಇನ್ನು ಈ ವಿಷಯದಲ್ಲಿ ಪತ್ರ ಬೇಡ.

ಆಂಬ್ರೋಸ್ ಪೆಟಿಫರ್

*

ಸ್ಕಾರ್‌ಬೆಕ್
14 ಡಿಸೆಂಬರ್ 1987

ಪೆಟಿಫರ್,

ಬಿಳಿ ಹಂಸ! ನೆಲಕ್ಕೆ ಹೂವಿನ ಕಾರ್ಪೆಟ್ಟು, ಮೂಲೆಯಲ್ಲಿ ಟಿಣ್ ಟಿಣ್ ಎನ್ನುವ ಜೂಜಿನ ಯಂತ್ರ, ಮೀನನ್ನು ಬುಟ್ಟಿಯಲ್ಲಿಟ್ಟು ತಿನ್ನಲು ಕೊಡುವ ಜಾಗ! ಆ ಡೊರೀನ್ ಆಲ್ಡರ್ಸನ್ ಎಂದಾದರೂ ಪೀಪಾಯಿ ಇಡುವ ತನ್ನ ನೆಲಮಾಳಿಗೆಗೆ ಇಳಿದಿದ್ದರೆ ಅದು ಗಂಡನಿಂದ ತಪ್ಪಿಸಿಕೊಳ್ಳಲು ಇರಬೇಕು. ಈ ಕಣಿವೆಯಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೂ ಒಬ್ಬ ಆಲ್ಡರ್ಸನ್‌ಗೆ ತಗಲುತ್ತದೆ. ಕಡತ ನೋಡಿದರಂತೆ ಕಡತ!

ಸರಿ. ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ, ಈಗ ಕೇಳಿ. ವಿಲ್ಫ್ ಆಲ್ಡರ್ಸನ್ ನನ್ನ ಗಂಡ. ಕರಿ ಟಗರಿನ ಮಾಳಿಗೆಯಲ್ಲಿ ನನ್ನ ಮಕ್ಕಳು ಹುಟ್ಟಿದರು. ವೆಂಡಿ ನನ್ನ ಮೊಮ್ಮಗಳು. ನಾನು ಈಗ ಬರೆಯುತ್ತಿರುವುದು ಅವಳ ಅಡುಗೆಮನೆಯ ಮೇಜಿನ ಮೇಲೆ, ಅವಳು ಹೊರಗೆ ಕಲ್ಲಿದ್ದಲು ತರಲು ಹೋದಾಗ.

ಅಜ್ಜಿ ಎಂದರೆ ನೀವು ಪಕ್ಷಪಾತ ಎನ್ನುತ್ತೀರೆಂದು ಹೇಳಲಿಲ್ಲ. ನೀನೇ ಅವಳಿಗೆ ಹೇಳಬಹುದಲ್ಲ ಎಂದು ಕೇಳುತ್ತೀರಿ. ಒಮ್ಮೆ ಬಾಯಿ ತೆಗೆದೆ. “ಕೆಂಚು ಬಿಯರ್ ತಾತನ ಕಾಲದ್ ಥರ ಇಲ್ಲ ಕಣೇ” ಎಂದೆ. ಅವಳು ನನ್ನ ಹೆಗಲ ಮೇಲೆ ಕೈ ಹಾಕಿ, “ನಂಗೊತ್ತು ಅಜ್ಜಿ, ತಾತ ಇಲ್ದೆ ನಿಂಗೆ ಯಾವ್ದೂ ರುಚಿಸ್ತಿಲ್ಲ” ಎಂದಳು. ಆಮೇಲೆ ನನಗೆ ಸೂಪು ತಂದುಕೊಟ್ಟಳು. ಅದಾದ ಮೇಲೆ ಇನ್ನೇನು ಹೇಳಲಿ?

ನಿಮ್ಮ ಕೈಪಿಡಿ ಬಂದ ದಿನ ಆ ಪುಟವನ್ನು ಕತ್ತರಿಸಿ ಕಟ್ಟೆಯ ಹಿಂದೆ ಅಂಟಿಸಿದಳು. “ನೋಡಜ್ಜಿ, ಬಿಯರ್ ಅತ್ಯುತ್ತಮ ಅಂತೆ. ಹಂಗಾದ್ರೆ ತಪ್ಪು ನಂದೇ” ಎಂದಳು. ಹೊಗಳಿಕೆ ಓದಿ ಅತ್ತವರನ್ನು ನಾನು ಮೊದಲ ಸಲ ನೋಡಿದೆ.

ಇನ್ನು ಪತ್ರ ಬೇಡ ಎಂದಿರಿ. ನೀವು ಉತ್ತರ ಬರೆಯದಿದ್ದರೆ ನಷ್ಟ ನನಗಿಲ್ಲ.

ಹೆ. ಆ.

*

ಲಂಡನ್
19 ಜನವರಿ 1988

ಶ್ರೀಮತಿ ಆಲ್ಡರ್ಸನ್ ಅವರೇ,

ತಮ್ಮ ಪತ್ರವನ್ನು ಒಂದು ತಿಂಗಳಿನಿಂದ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಇದನ್ನು ಕಚೇರಿಯ ಯಂತ್ರದಲ್ಲಿ ಟೈಪು ಮಾಡಲು ಆಗಲಿಲ್ಲ. ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸಿ.

ಹೋದ ವರ್ಷದ ಆರಂಭದಲ್ಲಿ ನನಗೆ ಕೆಟ್ಟ ಫ್ಲೂ ಬಂತು. ಜ್ವರ ಇಳಿಯಿತು, ಮೂಗು ಮತ್ತು ನಾಲಿಗೆ ಹಿಂದಿರುಗಲಿಲ್ಲ. ಕಾಫಿ ಎಂದರೆ ಬಿಸಿ, ಬಿಯರ್ ಎಂದರೆ ತಣ್ಣಗೆ, ಅಷ್ಟೇ ತಿಳಿಯುತ್ತದೆ. ವೈದ್ಯರು ಬರಬಹುದು, ಬಾರದೆಯೂ ಇರಬಹುದು ಎಂದರು. ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ.

ಬಣ್ಣ ನೋಡಿದೆ, ನೊರೆ ನೋಡಿದೆ, ಉಳಿದದ್ದನ್ನು ಕುಡಿಯುವವರ ಮುಖ ನೋಡಿ ಬರೆದೆ. ತಮ್ಮ ಊರಿನ ಮುಖಗಳು ನನಗೆ ಬಹಳ ಒಳ್ಳೆಯ ಬಿಯರ್ ಕುಡಿಸಿದವು.

ವೆಂಡಿಯವರಿಗೆ ನಾನು ಏನು ಮಾಡಬಹುದು, ತಿಳಿಸಿ. ತಿದ್ದುಪಡಿ ಹಾಕಿಸಲೇ?

ಆಂಬ್ರೋಸ್ ಪೆಟಿಫರ್

*

ಸ್ಕಾರ್‌ಬೆಕ್
23 ಜನವರಿ 1988

ಪೆಟಿಫರ್ ಅವರೇ,

ಮೊದಲನೆಯ ಕಾಗದದಲ್ಲಿ ನಾಲಿಗೆಯ ಬಗ್ಗೆ ನಾನು ಬರೆದದ್ದನ್ನು ಹರಿದು ಒಲೆಗೆ ಹಾಕಿಬಿಡಿ. ಮಿಕ್ಕದ್ದನ್ನು ಇಟ್ಟುಕೊಳ್ಳಿ, ಅದೆಲ್ಲ ನಿಮಗೆ ಸಲ್ಲಬೇಕಾದದ್ದೇ.

ನೀವು ಮುಖ ನೋಡಿ ಬರೆದಿರಿ, ವೆಂಡಿ ಮುಖ ನೋಡಿ ಬಡಿಸಿದಳು, ನಾವು ಮುಖ ಹೊತ್ತುಕೊಂಡು ಕೂತೆವು. ಇಷ್ಟು ಜನ ಸೇರಿ ಒಂದು ಪಬ್ಬು ಮುಳುಗಿಸುತ್ತಿದ್ದೇವೆ, ಒಬ್ಬರಿಗೂ ಒಬ್ಬರ ಮೇಲೆ ದ್ವೇಷವಿಲ್ಲ!

ತಿದ್ದುಪಡಿ ಬೇಡ. ಅಚ್ಚಿನಲ್ಲಿ ಬಂದರೆ ಅವಳಿಗೆ ಊರ ಮುಂದೆ ಅವಮಾನ. ನೀವೇ ಬನ್ನಿ. ಫೆಬ್ರವರಿ ಇಪ್ಪತ್ತು, ಶನಿವಾರ ಮಧ್ಯಾಹ್ನ. ಅಂದು ಸೆತ್, ಕ್ಲಿಫರ್ಡ್ ಎಲ್ಲರನ್ನೂ ನಾನು ಎಳೆದು ಕೂರಿಸುತ್ತೇನೆ, ಮಂಡಿಗಳ ಸಮೇತ. ಬಂದು ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಇಷ್ಟು ವರ್ಷ ಬರೆದವರಿಗೆ ನಾಲ್ಕು ಮಾತು ಬಾಯಲ್ಲಿ ಬರದಿದ್ದರೆ ಆಮೇಲೆ ಬೈಯುತ್ತೇನೆ.

ನಮ್ಮಲ್ಲಿ ಚಳಿ ಇದೆ. ಆ ತೆಳ್ಳನೆಯ ಮಳೆಕೋಟಿನ ಕೆಳಗೆ ಏನಾದರೂ ಹಾಕಿಕೊಂಡು ಬನ್ನಿ.

ಹೆಟ್ಟಿ

*

ಲಂಡನ್
25 ಫೆಬ್ರವರಿ 1988

ಪ್ರಿಯ ಶ್ರೀಮತಿ ಆಲ್ಡರ್ಸನ್,

ಕ್ಷಮೆ ಕೇಳಲು ಬರೆಯುತ್ತಿದ್ದೇನೆ. ರೈಲಿನಲ್ಲಿ ಇಡೀ ದಾರಿ ಏನೇನೋ ಸಿದ್ಧಪಡಿಸಿಕೊಂಡು ಬಂದಿದ್ದೆ. ಕೊನೆಗೆ ಎದ್ದು ನಿಂತು ಹೇಳಿದ್ದು ಇಷ್ಟೇ: “ನನಗೆ ರುಚಿನೂ ಇಲ್ಲ, ವಾಸನೆನೂ ಇಲ್ಲ. ಆಗಸ್ಟಿನಲ್ಲಿ ನಿಮ್ಮೆಲ್ಲರ ಮುಖ ನೋಡಿ ಬರೆದೆ. ಇವತ್ತು ಮುಖ ನೋಡೋದಿಲ್ಲ, ಬಾಯಿಬಿಟ್ಟು ಹೇಳಿ. ಈ ಬಿಯರ್ ಹೇಗಿದೆ?”

ವೆಂಡಿಯವರ ಕೈ ಪಂಪಿನ ಹಿಡಿಯ ಮೇಲೆ ಹಾಗೇ ನಿಂತುಬಿಟ್ಟಿತು. ಹೊರಗೆ ಬಸ್ಸಿನ ಹಾರ್ನು ಕೇಳಿಸಿತು, ಸೋಮವಾರದ ತನಕ ಮತ್ತೆ ಬಸ್ಸಿಲ್ಲ ಎಂದು ತಾವೇ ಹೇಳಿದ್ದಿರಿ. ನೆಲಕ್ಕೆ ಜಾರಿದ್ದ ಕೋಟನ್ನು ಬಾಚಿಕೊಂಡು ಓಡಿದೆ. ಬಾಗಿಲು ಮುಚ್ಚುವ ತನಕ ಒಳಗಿನಿಂದ ಒಂದು ಮಾತೂ ಕೇಳಲಿಲ್ಲ. ಅಂಥ ಮೌನವನ್ನು ನಾನು ಯಾವ ಪಬ್ಬಿನಲ್ಲೂ ಕಂಡಿಲ್ಲ. ಇದ್ದದ್ದನ್ನೂ ನಾನು ಮುರಿದುಬಂದೆ.

ಕಚೇರಿಗೆ ರಾಜೀನಾಮೆ ಬರೆದಿದ್ದೇನೆ. ಕೈಪಿಡಿಯನ್ನು ನಾಲಿಗೆ ಇರುವವರು ನೋಡಿಕೊಳ್ಳಲಿ.

ಒಂದು ವಿಚಿತ್ರ, ಬೇರೆ ಯಾರಿಗೂ ಹೇಳುವ ಹಾಗಿಲ್ಲ. ರೈಲಿನಲ್ಲಿ ಕೋಟನ್ನು ಮೇಲೆ ಹೊದ್ದುಕೊಂಡಾಗ ಒದ್ದೆ ನಾಯಿಯ ವಾಸನೆ ಬಂದಂತಾಯಿತು. ಒಂದೇ ಕ್ಷಣ. ನನಗೆ ನಾಯಿಯಿಲ್ಲ. ದಣಿದ ಮನಸ್ಸು ಹಳೆಯದೇನನ್ನೋ ಕೆದಕಿರಬೇಕು.

ವೆಂಡಿಯವರಿಗೆ ನನ್ನ ವಿಷಾದ ತಿಳಿಸಿ.

ಆಂಬ್ರೋಸ್ ಪೆಟಿಫರ್

*

ಸ್ಕಾರ್‌ಬೆಕ್
26 ಮಾರ್ಚ್ 1988

ಆಂಬ್ರೋಸ್,

ಒಂದು ತಿಂಗಳು ನಿಮ್ಮನ್ನು ಬೇಯಲು ಬಿಟ್ಟದ್ದಕ್ಕೆ ಕಾರಣವಿದೆ. ನಿನ್ನೆಯ ಗುತ್ತಿಗೆ ಗಡುವು ದಾಟುವ ತನಕ ಏನನ್ನೂ ಬರೆಯುವುದಿಲ್ಲ ಎಂದುಕೊಂಡಿದ್ದೆ. ಈ ಹಿಂದೆ ಅವಸರದಲ್ಲಿ ಹೊಗಳಿದವರ ಗತಿ ಏನಾಯಿತೆಂದು ನನಗೆ ಗೊತ್ತು.

ಮುಖಗಳನ್ನು ತಪ್ಪಾಗಿ ಓದಿದಿರಿ, ಆಮೇಲೆ ಮೌನವನ್ನೂ ತಪ್ಪಾಗಿ ಓದಿದಿರಿ. ಇನ್ನೊಂದು ಕ್ಷಣ ನಿಂತಿದ್ದರೆ ಸಾಕಿತ್ತು. ನಿಮ್ಮ ಬಸ್ಸು ತಿರುವು ದಾಟುವ ಮುಂಚೆಯೇ ವೆಂಡಿ ಕಟ್ಟೆಗೆ ಎರಡೂ ಕೈ ಊರಿದಳು.

“ಸೆತ್ ತಾತ, ಅವ್ರು ಕೇಳಿದ್ದಕ್ಕೆ ಉತ್ರ ಹೇಳು. ಬಿಯರ್ ಹೆಂಗೈತೆ?”

“ಅದೇನಂದ್ರೆ ತಾಯಿ, ಈ ಚಳೀಲಿ ನನ್ ಮಂಡಿ...”

“ಮಂಡಿ ಕೇಳ್ಲಿಲ್ಲ. ಬಿಯರ್ ಕೇಳ್ದೆ.”

ಸೆತ್ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. “ಒಸಿ ಹುಳಿ.”

“ಒಸಿ ಅಂದ್ರೆ?”

“ಚಿಪ್ಸ್ ಮ್ಯಾಲೆ ವಿನಿಗರ್ ಚಿಮುಕಿಸ್ತಾರಲ್ಲ, ಅಂಗೆ.”

ಕ್ಲಿಫರ್ಡ್ ನಗು ತಡೆಯಲಾರದೆ ಗ್ಲಾಸಿನೊಳಕ್ಕೆ ಬುಸ್ಸೆಂದ. ವೆಂಡಿ ಅವನ ಕಡೆ ತಿರುಗಿದಳು. “ನಗ್ತೀಯಾ? ನಿಂಗೆ ಡಾಕ್ಟ್ರು ಬೇಡ ಅಂದಿದ್ರಲ್ಲ?”

“ಡಾಕ್ಟ್ರು ಅಲ್ಲ ಕಣಮ್ಮಾ, ನನ್ ಹೊಟ್ಟೆ ಬೇಡ ಅಂದಿದ್ದು.”

“ಎಷ್ಟ್ ದಿನದಿಂದ?”

“ಹೋದ ಬೇಸ್ಗೇಲಿ ಉಣ್ಣೆ ಕತ್ರಿಸೋ ಕಾಲ್ದಿಂದ,” ಎಂದ ಸೆತ್, ನೆಲ ನೋಡುತ್ತಾ.

“ಅಲ್ಲಿಂದ ಇಲ್ಲೀಗಂಟ ನೀವೆಲ್ಲ ವಿನಿಗರ್ ಕುಡ್ಕೊಂಡು ಭೇಷ್ ಭೇಷ್ ಅಂತಿದ್ರಾ?”

“ನೀನ್ ಅಷ್ಟು ಆಸೆಯಿಂದ ಕೊಡ್ತಿದ್ದೆ ಕಣವ್ವಾ. ಹೆಂಗ್ ಹೇಳಾದು?”

“ನಾನ್ ಬೇಡ ಅಂತ ಬರ್ತಿಲ್ಲ ಅನ್ಕೊಂಡಿದ್ನಲ್ಲೋ!” ಎಂದು ಅವಳು ಕೂಗಿದ್ದಕ್ಕೆ ಗೋಡೆಯ ಮೇಲಿನ ತಟ್ಟೆಗಳು ಅಲುಗಿದವು. ಸೆತ್ ತಲೆ ಎತ್ತಿದ. ಅವನ ಮುಖದಲ್ಲಿ ಅಷ್ಟು ಆಶ್ಚರ್ಯವನ್ನು ನಾನು ಕಂಡದ್ದು ಅವನ ಹೆಂಡತಿ ಅವನನ್ನು ಒಪ್ಪಿಕೊಂಡ ದಿನ ಮಾತ್ರ.

“ನೀನ್ ಬೇಡ ಅಂತ ಯಾರವ್ವಾ ಅಂದೋರು? ನಿಂಗೋಸ್ಕರ ತಾನೆ ಇದನ್ನ ಕುಡೀತಿದ್ದಿದ್ದು!”

ಆಮೇಲೆ ಅವಳು ನನ್ನ ಕಡೆ ನೋಡಿದಳು. “ಅಜ್ಜಿ, ನೀನೂನಾ? ಊರೋರಿಗೆಲ್ಲ ಬೈತೀಯ. ನಂಗೊಂದು ಮಾತು ಬೈಯಕ್ಕಾಗ್ಲಿಲ್ವಾ?”

ಆಗಲಿಲ್ಲ ಎಂದೆ. ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಅಂಗಿಯ ತೋಳು ಮೇಲಕ್ಕೆ ಮಡಚಿ ನೆಲಮಾಳಿಗೆಗೆ ಇಳಿದಳು. ಸೆತ್ ಹಿಂದೆಯೇ ಇಳಿದ, ಮಂಡಿ ಒಮ್ಮೆಯೂ ನೆನಪಾಗಲಿಲ್ಲ. ಪೀಪಾಯಿಗಳನ್ನೆಲ್ಲ ಹೊರಗೆ ಉರುಳಿಸಿ ಅಂಗಳದ ಚರಂಡಿಗೆ ಸುರಿದರು. ಮೂರು ಕೈಪಂಪುಗಳನ್ನು ಕ್ಲಿಫರ್ಡ್ ಬಿಚ್ಚಿಹಾಕಿದ. ಈಗ ಎರಡೇ, ಒಂದು ಕಪ್ಪು, ಒಂದು ಕೆಂಚು.

ಮುಂದಿನ ಪೀಪಾಯಿ ಬಂದಾಗ ಅದರ ಮಡ್ಡಿ ತಳಕ್ಕೆ ಕೂತು ತಿಳಿಯಾಗುವ ತನಕ ಯಾರಿಗೂ ಒಂದು ಹನಿ ಕೊಡಲಿಲ್ಲ. ಸೆತ್ ಗೋಗರೆದ. “ನಿಮ್ ಬಾಯನ್ನ ನಾನಿನ್ನು ನಂಬಲ್ಲ, ಸುಮ್ನೆ ಕೂತ್ಕೊಳ್ಳಿ” ಎಂದಳು. ಕೊನೆಗೊಂದು ಸಂಜೆ ಗ್ಲಾಸು ತುಂಬಿ ಅವನ ಮುಂದಿಟ್ಟಳು. ಈ ಸಲ ಅವನ ಮುಖ ನೋಡಲಿಲ್ಲ, ಬೆನ್ನು ತಿರುಗಿಸಿ ತಟ್ಟೆ ಒರೆಸುತ್ತಾ ನಿಂತಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. ಸೆತ್ ಕುಡಿದ. ಚೆನ್ನಾಗಿದೆ ಎನ್ನಲಿಲ್ಲ. ಭೇಷ್ ಎನ್ನಲಿಲ್ಲ. ಖಾಲಿ ಗ್ಲಾಸನ್ನು ಕಟ್ಟೆಯ ಮೇಲೆ ಮುಂದಕ್ಕೆ ತಳ್ಳಿ ಹೇಳಿದ: “ಇನ್ನೊಂದ್ ಎಳಿ.”

ಆಗ ಅತ್ತಳು.

ನಿನ್ನೆ ಬ್ರೂವರಿಯಿಂದ ಒಬ್ಬರು ಬೀಗದಕೈ ತೆಗೆದುಕೊಂಡು ಹೋಗಲು ಬಂದರು. ಕೂರಲು ಜಾಗ ಸಿಗದೆ ನಿಂತೇ ಇದ್ದರು. ವೆಂಡಿ ಅವರಿಗೊಂದು ಪಿಂಟು ಕೊಟ್ಟಳು. “ಚೆನ್ನಾಗಿದೆ” ಎಂದರು. “ಆ ಮಾತು ಈ ಪಬ್ಬಲ್ಲಿ ನಡಿಯಲ್ಲ ಸಾರ್. ಸರಿಯಾಗಿ ಹೇಳಿ” ಎಂದಳು. ಪಾಪ, ಅವರು ಇನ್ನೊಂದು ಕುಡಿದು ಯೋಚಿಸಬೇಕಾಯಿತು. ಬೀಗದಕೈ ವಿಲ್ಫ್ ಹೊಡೆದ ಮೊಳೆಯಲ್ಲೇ ನೇತಾಡುತ್ತಿದೆ. ಪ್ರತಿ ಬೆಳಿಗ್ಗೆ ಚಹಾಕ್ಕೂ ಮುಂಚೆ ಎರಡು ಪೀಪಾಯಿಯಿಂದ ಒಂದೊಂದು ಗುಟುಕು ನಾನು ಕುಡಿದು ನೋಡುತ್ತೇನೆ. ಕೆಟ್ಟಿದ್ದರೆ ಬೈಯಬೇಕೆಂದು ವೆಂಡಿಯ ಆಜ್ಞೆ. ಈ ವಯಸ್ಸಿನಲ್ಲಿ ಇಂಥ ಕೆಲಸ ಸಿಕ್ಕಿದ್ದು ನನ್ನ ಅದೃಷ್ಟ.

ಇನ್ನು ನಿಮ್ಮ ವಿಷಯ. ನಿಮ್ಮ ಮಳೆಕೋಟು ನೆಲಕ್ಕೆ ಜಾರಿತ್ತು ಎಂದಿರಲ್ಲ, ಅದು ನೀವು ಬಂದು ಕೂತ ಕೂಡಲೇ ಬೆಂಚಿನಿಂದ ಬಿದ್ದಿತ್ತು. ನಮ್ಮ ನಾಯಿ ಮೋಸ್ ಹೊಳೆಯಲ್ಲಿ ಬಿದ್ದು ಎದ್ದು ಬಂದು ಅದರ ಮೇಲೆಯೇ ಮಲಗಿದ್ದ. ನೀವು ಎದ್ದಾಗ ಹೊರಗೆ ಓಡಿದ. ನನ್ನ ಕಣ್ಣಿಗೆ ಬಿದ್ದಿತ್ತು, ಹೇಳಲಿಲ್ಲ, ಅವನು ಸುಖವಾಗಿ ಮಲಗಿದ್ದನಲ್ಲ ಎಂದು. ಅದು ದಣಿದ ಮನಸ್ಸು ಕೆದಕಿದ್ದಲ್ಲ, ಆಂಬ್ರೋಸ್. ಅದು ಮೋಸ್. ನಿಮ್ಮ ಮೂಗು ಬಾಗಿಲು ತಟ್ಟುತ್ತಿದೆ, ನೀವು ಅದನ್ನು ಹೊರಗೆ ನಿಲ್ಲಿಸಿದ್ದೀರಿ.

ರಾಜೀನಾಮೆಯನ್ನು ವಾಪಸ್ಸು ತೆಗೆದುಕೊಳ್ಳಿ. ಕಚೇರಿಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ನಮ್ಮೂರಿನಲ್ಲಿ ಹೇಳಿದ್ದಕ್ಕಿಂತ ಅದು ಕಷ್ಟವಲ್ಲ. ನಿಮ್ಮ ನಾಲಿಗೆ ಪೂರ್ತಿ ಬರುವ ತನಕ ನನ್ನದನ್ನು ಬಳಸಿಕೊಳ್ಳಿ. ಕುರಿಗಳು ಈಯುವ ಗಲಾಟೆ ಮುಗಿದ ಮೇಲೆ ಮೇ ತಿಂಗಳಲ್ಲಿ ಬನ್ನಿ, ಈ ಕಣಿವೆಯ ಒಂದೊಂದು ಪಬ್ಬಿಗೂ ಹೋಗೋಣ. ನೀವು ನೊರೆ ನೋಡಿ, ನಾನು ಕುಡಿಯುತ್ತೇನೆ. ಬಿಳಿ ಹಂಸದಿಂದಲೇ ಶುರು ಮಾಡೋಣ. ಡೊರೀನಳ ಬಿಯರನ್ನು ಯಾವ ಪಕ್ಷಪಾತವೂ ಇಲ್ಲದೆ ಬೈಯುತ್ತೇನೆ.

ಕರಿ ಟಗರಿಗೆ ಮುಂದಿನ ವರ್ಷದ ಕೈಪಿಡಿಯಲ್ಲಿ ಹಾಕಬೇಕಾದದ್ದನ್ನು ನಾನೇ ಬರೆದಿದ್ದೇನೆ, ಒಂದಕ್ಷರ ಮುಟ್ಟಬೇಡಿ: “ಎರಡು ಬಗೆಯ ಬಿಯರ್. ಜನ ಎರಡನೆಯ ಪಿಂಟು ಕೇಳುತ್ತಾರೆ. ಕೆಟ್ಟಿದ್ದರೆ ಯಜಮಾನಿಗೆ ಹೇಳಿ, ಸಂತೋಷಪಡುತ್ತಾಳೆ.”

ಇವತ್ತಿನಿಂದ ಪ್ರತಿ ಬೆಳಿಗ್ಗೆ ಆ ಕೋಟನ್ನು ಮೂಗಿಗೆ ಹಿಡಿದು ನೋಡಿ, ಒಗೆಯಲು ಹಾಕಬೇಡಿ. ಏನು ವಾಸನೆ ಬಂತು, ಏನು ಬರಲಿಲ್ಲ, ಎರಡನ್ನೂ ಮುಚ್ಚುಮರೆಯಿಲ್ಲದೆ ಬರೆಯಿರಿ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು. ಏಪ್ರಿಲ್ ಒಂದನೆಯ ತಾರೀಖು ಹಾಕಿ ಬರೆದದ್ದನ್ನು ನಾನು ನಂಬುವುದಿಲ್ಲ.

ಹೆಟ್ಟಿ